ದಿನ ತುಂಬದ ಕೂಸು, ಎದೆಯ ಮೇಲಿನ ತೊಟ್ಟಿಲು

ಮನೆಗೆ ಕೂಸು ಬರುತ್ತದೆಂದರೆ ನಮ್ಮ ಕಡೆ ಅದಕ್ಕೊಂದು ಕ್ರಮವಿದೆ. ಏಳನೆಯ ತಿಂಗಳಲ್ಲಿ ಕುಬುಸ, ಹಸಿರು ಸೀರೆ, ಹಸಿರು ಬಳೆ. ಬಳಿಕ ತವರಿಗೆ ಪಯಣ. ಅಟ್ಟದಿಂದ ಇಳಿಸಿ ತೊಳೆದಿಟ್ಟ ತೊಟ್ಟಿಲು. ಬಾಣಂತಿಯ ಕೋಣೆಗೆ ಹೊರಸು, ಅಗ್ಗಿಷ್ಟಿಕೆ. ನನ್ನ ಪಾಲಿಗೆ ಇದಾವುದೂ ಕ್ರಮದಂತೆ ನಡೆಯಲಿಲ್ಲ. ಕುಬುಸದ ಸೀರೆಯ ಮಡಿಕೆ ಬಿಚ್ಚುವ ಮೊದಲೇ, ಗರ್ಭದ 31ನೆಯ ವಾರದಲ್ಲಿ, ನನ್ನ ಮಗಳು ಹುಟ್ಟಿದಳು. ತೂಕ 1,280 ಗ್ರಾಂ. ಸಂತೆಯಲ್ಲಿ ತೂಗಿಸಿ ತರುವ ಒಂದೂಕಾಲು ಕಿಲೋ ಬೆಲ್ಲದಷ್ಟು.

ಗರ್ಭದ ಪೂರ್ಣ ಅವಧಿ ಸುಮಾರು 40 ವಾರ. 37 ವಾರ ತುಂಬುವ ಮೊದಲೇ ಹುಟ್ಟಿದ ಮಗುವನ್ನು ವೈದ್ಯರು ಅವಧಿಪೂರ್ವ ಶಿಶು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರು. ಹತ್ತು ಹೆರಿಗೆಗಳಲ್ಲಿ ಸುಮಾರು ಒಂದು. ಅಂಥ ಮಕ್ಕಳು ಅತಿ ಹೆಚ್ಚು ಸಂಖ್ಯೆಯಲ್ಲಿ ಹುಟ್ಟುವ ದೇಶ ನಮ್ಮದು. ಆದುದರಿಂದ ಇದು ಯಾರದೋ ಮನೆಯ ಅಪರೂಪದ ಸಂಗತಿಯಲ್ಲ. ಈ ಪತ್ರಿಕೆಯನ್ನು ಓದುವ ಎಷ್ಟೋ ಮನೆಗಳಲ್ಲಿ ಇದು ನಡೆದಿರಬಹುದು, ನಾಳೆ ನಡೆಯಲೂಬಹುದು. ಆಸ್ಪತ್ರೆಯಲ್ಲಿ ನಾನು ಕಳೆದ 38 ದಿನಗಳಲ್ಲಿ ಕಲಿತುದನ್ನು ಆ ಮನೆಗಳಿಗಾಗಿ ಬರೆಯುತ್ತಿದ್ದೇನೆ.

ಕಡೆಗಣಿಸಿದ ಮುನ್ಸೂಚನೆ

ನಾನು ಶಾಲೆಯಲ್ಲಿ ಕನ್ನಡ ಕಲಿಸುವವಳು. ಆ ವಾರ ಪರೀಕ್ಷೆಯ ಕೆಲಸವಿತ್ತು. ತಲೆನೋವು ಬಿಟ್ಟೂ ಬಿಡದೆ ಕಾಡುತ್ತಿತ್ತು, ಮುಖ ಊದಿಕೊಂಡಿತ್ತು, ಉತ್ತರಪತ್ರಿಕೆಯ ಅಕ್ಷರಗಳ ನಡುವೆ ಆಗಾಗ ಮಿಂಚು ಹುಳುಗಳು ಹಾರಿದಂತೆ ಕಾಣುತ್ತಿತ್ತು. ಬಸುರಿಗೆ ಇವೆಲ್ಲ ಸಹಜವೆಂದು ಮನೆಯಲ್ಲಿ ಎಲ್ಲರೂ ಅಂದರು, ನಾನೂ ನಂಬಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತದೊತ್ತಡ ಅಳೆದಾಗ 170/110 ಇತ್ತು. ಅಲ್ಲಿಂದ 108 ವಾಹನದಲ್ಲಿ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದರು.

ಗರ್ಭಿಣಿಯ ರಕ್ತದೊತ್ತಡ ಹೀಗೆ ಏರಿದರೆ ಅಪಸ್ಮಾರ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಕುತ್ತಾಗಬಹುದು. ಬಿಡದ ತಲೆನೋವು, ಮುಖ ಮತ್ತು ಕೈಗಳ ಊತ, ಕಣ್ಣು ಮಂಜಾಗುವುದು, ಮೇಲುಹೊಟ್ಟೆಯ ನೋವು: ಇವುಗಳಲ್ಲಿ ಯಾವುದು ಕಂಡರೂ ಅಂದೇ ರಕ್ತದೊತ್ತಡ ನೋಡಿಸಬೇಕು. ಇದೊಂದು ಮಾತನ್ನು ಓದುಗರು ನೆನಪಿಟ್ಟುಕೊಂಡರೂ ನಾನು ಬರೆದುದು ಸಾರ್ಥಕ.

ಆಸ್ಪತ್ರೆಯಲ್ಲಿ ನನಗೆ ಹನ್ನೆರಡು ಗಂಟೆಗೊಂದರಂತೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ಅದು ನನಗಲ್ಲ, ಮಗುವಿನ ಶ್ವಾಸಕೋಶಕ್ಕೆ ಎಂದು ವೈದ್ಯೆ ವಿವರಿಸಿದರು. ಶ್ವಾಸಕೋಶದ ಸಣ್ಣ ಗಾಳಿಗೂಡುಗಳು ಉಸಿರು ಹೊರಹೋದಾಗ ಒಂದಕ್ಕೊಂದು ಅಂಟಿ ಕುಸಿಯದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಎಂಬ ಪದರ ಸಾಕಷ್ಟು ಸಿದ್ಧವಾಗುವುದು 34-35ನೆಯ ವಾರದ ಹೊತ್ತಿಗೆ. ತಾಯಿಗೆ ಕೊಟ್ಟ ಈ ಮದ್ದು ಆ ಕೆಲಸವನ್ನು ಬೇಗ ಮಾಡಿಸುತ್ತದೆ ಎಂಬುದನ್ನು 1972ರಲ್ಲಿ ನ್ಯೂಜಿಲೆಂಡಿನ ವೈದ್ಯರಾದ ಲಿಗ್ಗಿನ್ಸ್ ಮತ್ತು ಹೋವಿ ತೋರಿಸಿಕೊಟ್ಟರು. ನಾಲ್ಕನೆಯ ಚುಚ್ಚುಮದ್ದಾದ ಮರುದಿನ ನನ್ನ ಹೊಟ್ಟೆ ಕೊಯ್ದು ಮಗುವನ್ನು ಹೊರತೆಗೆದರು. ಅವಳ ಅಳು ಬೆಕ್ಕಿನ ಮರಿಯ ದನಿಯಷ್ಟು ಕ್ಷೀಣವಾಗಿ ಒಮ್ಮೆ ಕೇಳಿಸಿತು. ಆಮೇಲೆ ಅವಳನ್ನು ಎತ್ತಿಕೊಂಡು ಓಡಿದರು.

ಮಗ್ಗುಲಲ್ಲಿ ಕೂಸಿಲ್ಲದ ಬಾಣಂತಿ

ಮೊದಲ ದಿನ ನಾನು ಮಗಳನ್ನು ಕಂಡದ್ದು ಯಜಮಾನರ ಫೋನಿನ ಚಿತ್ರದಲ್ಲಿ. ಮೂಗಿಗೆ ನಳಿಗೆ, ಬಾಯಿಗೆ ನಳಿಗೆ, ಕಾಲಿಗೆ ಕೆಂಪು ಬೆಳಕಿನ ಪಟ್ಟಿ. ಅಕ್ಕಪಕ್ಕದ ಮಂಚಗಳಲ್ಲಿ ಕೂಸುಗಳು ಅಳುತ್ತಿದ್ದವು, ಬಂದವರು ಸಕ್ಕರೆ ಹಂಚುತ್ತಿದ್ದರು. ನನ್ನನ್ನು ನೋಡಲು ಬಂದವರಿಗೆ ಏನು ಮಾತಾಡಬೇಕೆಂದೇ ತಿಳಿಯುತ್ತಿರಲಿಲ್ಲ. ಒಬ್ಬರು ಗ್ರಹಣದ ದಿನ ಹೊರಗೆ ಹೋಗಿದ್ದೆಯಾ ಎಂದು ಕೇಳಿದರು. ಇನ್ನೊಬ್ಬರು ಕೆಲಸಕ್ಕೆ ಹೋದುದೇ ತಪ್ಪೆಂದರು. ದಿನ ತುಂಬದೆ ಹೆತ್ತ ತಾಯಿ ತನ್ನನ್ನು ತಾನೇ ಸಾಕಷ್ಟು ದೂಷಿಸಿಕೊಳ್ಳುತ್ತಿರುತ್ತಾಳೆ. ಅವಳನ್ನು ನೋಡಲು ಹೋಗುವವರು ಕಾರಣ ಹುಡುಕಬಾರದು. ಊಟದ ಬುತ್ತಿ ಒಯ್ದು, ಹತ್ತು ನಿಮಿಷ ಸುಮ್ಮನೆ ಕುಳಿತು ಬಂದರೆ ಸಾಕು.

ಎರಡನೆಯ ದಿನ ಗಾಲಿಕುರ್ಚಿಯಲ್ಲಿ ನವಜಾತ ಶಿಶುಗಳ ಘಟಕಕ್ಕೆ ಹೊರಟಾಗ ಅತ್ತೆಯವರು ತಡೆದರು. “ಹಸಿ ಬಾಣಂತಿ, ತಲಿಗೆ ಗಾಳಿ ಹೊಕ್ಕೀತು, ಅಡ್ಡಾಡಬ್ಯಾಡವ್ವ” ಎಂದರು. ಅವರ ಕಾಳಜಿ ಸುಳ್ಳಲ್ಲ. ತಲೆಗೆ ಬಟ್ಟೆ ಬಿಗಿದುಕೊಂಡು ಹೋದೆ. ಮೊಣಕೈವರೆಗೆ ಸೋಪಿನಿಂದ ಕೈ ತೊಳೆಸಿ, ಬಳೆ ಉಂಗುರ ಬಿಚ್ಚಿಸಿ ಒಳಗೆ ಬಿಟ್ಟರು. ವಾರ್ಮರಿನ ಕೆಳಗೆ ಮಲಗಿದ್ದ ಅವಳ ಕಾಲು ನನ್ನ ಹೆಬ್ಬೆರಳಿನಷ್ಟಿತ್ತು. ಚರ್ಮದಡಿಯ ನರಗಳು ಕಾಣುತ್ತಿದ್ದವು. ಮುಟ್ಟಲು ಹೆದರಿದೆ. “ಸವರಬೇಡಿ, ಅಂಗೈಯನ್ನು ಸುಮ್ಮನೆ ಇಡಿ. ಸವರಿದರೆ ಇಂಥ ಮಕ್ಕಳು ಬೆಚ್ಚುತ್ತಾರೆ” ಎಂದರು ಸಿಸ್ಟರ್. ನನ್ನ ಅಂಗೈಯಲ್ಲಿ ಅವಳ ತಲೆ ಪೂರ್ತಿ ಅಡಗಿತು.

ಅತ್ತೆಯವರು ಸೆರಗಿನಲ್ಲಿ ವಿಭೂತಿ ಕಟ್ಟಿಕೊಂಡು ಬಂದಿದ್ದರು, ಚಿಕ್ಕ ಬಾಟಲಿಯಲ್ಲಿ ಜೇನುತುಪ್ಪವನ್ನೂ ತಂದಿದ್ದರು. ಎರಡನ್ನೂ ಒಳಗೆ ಬಿಡಲಿಲ್ಲ. ಅವರಿಗೆ ನೋವಾಯಿತು. ಸಂಜೆ ಮನೆತನದ ಅಯ್ಯನವರಿಗೆ ಫೋನು ಮಾಡಿ ಲಿಂಗಧಾರಣೆಯ ಕುರಿತು ಕೇಳಿದರು. “ಮೊದಲು ಕೂಸು ಚೆನ್ನಾಗಿ ಉಸಿರಾಡಲಿ, ಮನೆಗೆ ಬಂದ ಮೇಲೆ ಮಾಡೋಣ, ಅವಸರವೇನಿಲ್ಲ” ಎಂದು ಅವರು ಹೇಳಿದ ಮೇಲೆ ಅತ್ತೆಯವರ ಮನಸ್ಸು ತಿಳಿಯಾಯಿತು.

ಹನಿ ಹಾಲಿನ ಬೆಲೆ

34 ವಾರಕ್ಕೆ ಮೊದಲು ಹುಟ್ಟಿದ ಹೆಚ್ಚಿನ ಮಕ್ಕಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಬಂದಿರುವುದಿಲ್ಲ. ಹಾಲು ನಳಿಗೆಯ ಮೂಲಕ ಹೊಟ್ಟೆಗೆ ಹೋಗಬೇಕು. ಆ ಹಾಲನ್ನು ತಾಯಿ ಕೈಯಿಂದ ಹಿಂಡಿ ಕೊಡಬೇಕು, ರಾತ್ರಿಯೂ ಸೇರಿದಂತೆ ಎರಡು ಮೂರು ಗಂಟೆಗೊಮ್ಮೆ. ಮೊದಲ ಸಲ ಅರ್ಧ ಗಂಟೆ ಹೆಣಗಿದಾಗ ಬಟ್ಟಲಿನ ತಳಕ್ಕೆ ಅಂಟಿದ್ದು ನಾಲ್ಕಾರು ಹಳದಿ ಹನಿ. ನಾಚಿಕೆಯಿಂದ ಕಣ್ಣೀರು ಬಂತು. ಸಿಸ್ಟರ್ ಆ ಹನಿಗಳನ್ನೂ ಸಿರಿಂಜಿಗೆ ಎಳೆದುಕೊಂಡು, “ಇದೇ ಅವಳ ಮೊದಲ ಲಸಿಕೆ” ಎಂದರು. ಮೊದಲ ದಿನಗಳ ಈ ದಪ್ಪ ಹಾಲಿನಲ್ಲಿ ಸೋಂಕನ್ನು ಎದುರಿಸುವ ಅಂಶಗಳು ತುಂಬಿರುತ್ತವೆ. ಎಳೆಯ ಕರುಳಿಗೆ ಬರುವ ಅಪಾಯಕಾರಿ ಉರಿಯೂತವನ್ನು ತಾಯಿಯ ಹಾಲು ಗಣನೀಯವಾಗಿ ತಗ್ಗಿಸುತ್ತದೆ. ನಾಲ್ಕನೆಯ ದಿನದ ಹೊತ್ತಿಗೆ ನನಗೆ ಹಾಲು ಇಳಿಯಿತು.

ಅದೇ ದಿನ ಅವಳ ತೂಕ 1,170 ಗ್ರಾಂಗೆ ಇಳಿದಿತ್ತು, ಮೈ ಹಳದಿಯಾಗಿತ್ತು. ನಾನು ಕುಸಿದೆ. ಮೊದಲ ವಾರದಲ್ಲಿ ತೂಕ ಹೀಗೆ ಇಳಿಯುವುದು ನಿರೀಕ್ಷಿತವೆಂದೂ, ಎರಡು ವಾರಗಳ ಹೊತ್ತಿಗೆ ಹುಟ್ಟಿನ ತೂಕ ಮರಳುವುದೆಂದೂ ವೈದ್ಯರು ತಿಳಿಸಿದರು. ಕಾಮಾಲೆಗೆ ಕಣ್ಣು ಮುಚ್ಚಿ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಆ ಬೆಳಕು ಚರ್ಮದಲ್ಲಿನ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ದೇಹ ಹೊರಹಾಕಬಲ್ಲ ರೂಪಕ್ಕೆ ಮಾರ್ಪಡಿಸುತ್ತದೆ. ಬೆಳಗಿನ ಬಿಸಿಲಿಗೆ ಹಿಡಿಯುವುದು ಈ ಚಿಕಿತ್ಸೆಗೆ ಬದಲಾಗದು.

ಉಸಿರು ನಿಂತ ಹೊತ್ತು

ಐದನೆಯ ರಾತ್ರಿ ನಾನು ಪಕ್ಕದಲ್ಲಿದ್ದಾಗಲೇ ಯಂತ್ರ ಕೂಗಿತು. ತೆರೆಯ ಮೇಲಿನ ಸಂಖ್ಯೆ 94ರಿಂದ ಸರಸರನೆ 70ಕ್ಕೆ ಇಳಿಯಿತು. ಅವಳ ಎದೆ ಏಳುತ್ತಿರಲಿಲ್ಲ, ತುಟಿ ಕಪ್ಪಿಟ್ಟಿತು. ಓಡಿ ಬಂದ ಸಿಸ್ಟರ್ ಅಂಗಾಲನ್ನು ಬೆರಳಿನಿಂದ ಚಿಮ್ಮಿದರು. ಎರಡು ಸಲ. ಮೂರನೆಯದಕ್ಕೆ ಅವಳು ಮುಖ ಕಿವುಚಿ ಉಸಿರೆಳೆದಳು. ಮಿದುಳಿನ ಉಸಿರಾಟದ ಕೇಂದ್ರ ಇನ್ನೂ ಬಲಿಯದ ಮಕ್ಕಳು ಹೀಗೆ 20 ಸೆಕೆಂಡು ಅಥವಾ ಹೆಚ್ಚು ಹೊತ್ತು ಉಸಿರಾಡುವುದನ್ನೇ ಬಿಟ್ಟುಬಿಡುತ್ತಾರೆ. ಅದಕ್ಕೆ ಕೊಡುವ ಔಷಧ ಕೆಫೀನ್, ನಾವು ಕುಡಿಯುವ ಕಾಫಿಯಲ್ಲಿರುವುದೇ.

ಎದುರಿನ ವಾರ್ಮರಿನಲ್ಲಿ ಇನ್ನೂ ಚಿಕ್ಕ ಮಗುವಿತ್ತು. ಅದರ ತಾಯಿಯೂ ನಾನೂ ಹಾಲು ಹಿಂಡುವ ಕೋಣೆಯಲ್ಲಿ ಜೊತೆಗಾತಿಯರು. ಒಂಬತ್ತನೆಯ ಬೆಳಿಗ್ಗೆ ಆ ವಾರ್ಮರು ಬರಿದಾಗಿತ್ತು. ಹೊಸ ಬಟ್ಟೆ ಹಾಸಿದ್ದರು. ಹೊರಡುವ ಮುನ್ನ ಆಕೆ ನನ್ನ ಬಳಿ ಬಂದು, “ನಿನ್ನ ಕೂಸಿಗೆ ಏನೂ ಆಗಂಗಿಲ್ಲವ್ವ, ಹಾಲು ಬಿಡಬ್ಯಾಡ” ಎಂದಳು. ಆಕೆಯ ಕುಪ್ಪಸ ಹಾಲಿನಿಂದ ನೆನೆದಿತ್ತು. ಉತ್ತರವಾಗಿ ನನಗೆ ಒಂದು ಮಾತೂ ಹೊರಡಲಿಲ್ಲ. ಆ ದಿನದಿಂದ ನಾನು ಒಂದು ಸರದಿಯನ್ನೂ ತಪ್ಪಿಸಲಿಲ್ಲ.

ಎದೆಯ ಮೇಲಿನ ತೊಟ್ಟಿಲು

ಆರನೆಯ ದಿನವೇ ಅವಳನ್ನು ನನ್ನ ಎದೆಯ ಮೇಲೆ ಇಟ್ಟಿದ್ದರು. ಮೈಮೇಲೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ; ಚರ್ಮಕ್ಕೆ ಚರ್ಮ ತಾಗುವಂತೆ, ಕಪ್ಪೆಯಂತೆ ಕಾಲು ಮಡಿಚಿ, ಉಸಿರಿಗೆ ಅಡ್ಡಿಯಾಗದಂತೆ ತಲೆ ಒಂದು ಬದಿಗೆ. ಮೇಲೆ ಬಟ್ಟೆ ಸುತ್ತಿದರು. ಹತ್ತು ನಿಮಿಷದಲ್ಲಿ ಅವಳ ಉಸಿರಾಟ ಸಮನಾದುದನ್ನು ತೆರೆಯ ಮೇಲೆ ಕಂಡೆ. ನಾನು ತಾಯಿಯಾದೆನೆಂದು ನನಗೆ ಅನಿಸಿದ್ದು ಆ ಹೊತ್ತಿನಲ್ಲಿ.

ಕಾಂಗರೂ ಆರೈಕೆ ಎನ್ನುವ ಈ ಕ್ರಮ ಮೊದಲಾದದ್ದು 1978ರಲ್ಲಿ, ಕೊಲಂಬಿಯಾದ ಬೊಗೊಟಾ ನಗರದಲ್ಲಿ. ಆಸ್ಪತ್ರೆಯಲ್ಲಿ ಮಕ್ಕಳು ಹೆಚ್ಚು, ಬೆಚ್ಚನೆಯ ಪೆಟ್ಟಿಗೆಗಳು ಕಡಿಮೆ. ವೈದ್ಯ ಎಡ್ಗರ್ ರೇ ಅವರು ತಾಯಂದಿರ ಎದೆಯನ್ನೇ ಪೆಟ್ಟಿಗೆಯಾಗಿಸಿದರು. ಬಡತನಕ್ಕೆ ಕಂಡುಕೊಂಡ ಈ ಉಪಾಯವೇ ಉತ್ತಮ ಚಿಕಿತ್ಸೆಯೆಂದು ಬಳಿಕ ತಿಳಿದುಬಂತು. ಭಾರತವೂ ಸೇರಿದಂತೆ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹುಟ್ಟಿದ ಕೂಡಲೇ ಈ ಆರೈಕೆ ಪಡೆದ ಮಕ್ಕಳಲ್ಲಿ ಮೊದಲ 28 ದಿನಗಳ ಸಾವು ಶೇಕಡಾ 25ರಷ್ಟು ಕಡಿಮೆಯಾಗಿತ್ತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆ ಆ ಅಧ್ಯಯನದ ಒಂದು ಕೇಂದ್ರ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ, ಹುಟ್ಟಿದ ಕೂಡಲೇ ಆರಂಭಿಸಿ ದಿನಕ್ಕೆ 8ರಿಂದ 24 ಗಂಟೆ ಕಾಂಗರೂ ಆರೈಕೆ ಕೊಡುವಂತೆ ಸಲಹೆ ಮಾಡಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಈ ಆರೈಕೆಯನ್ನು ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಸುವ ಕಾರ್ಯ ನಡೆದು, ಅದರ ಅನುಭವ ಅಂತರರಾಷ್ಟ್ರೀಯ ಅಧ್ಯಯನದ ಭಾಗವಾಯಿತು.

ದಿನಕ್ಕೆ ಅಷ್ಟು ಗಂಟೆ ಒಬ್ಬಳಿಂದಲೇ ಆಗದು. ಹನ್ನೆರಡನೆಯ ದಿನ ಯಜಮಾನರು ಅಂಗಿ ಬಿಚ್ಚಿ ಕುಳಿತರು. ಅದಾದ ಎರಡು ದಿನಕ್ಕೆ ಅತ್ತೆಯವರು ತಾವಾಗಿಯೇ ಕೈ ತೊಳೆದು ಬಂದು, “ನನ್ನ ಎದಿಯೂ ಬೆಚ್ಚಗೇ ಐತಿ, ನೀ ತುಸು ಮಲಕೋ” ಎಂದರು. ಬಾಣಂತಿಯ ಆರೈಕೆ, ಕೂಸಿನ ಆರೈಕೆ ಎರಡೂ ಅಂದು ಒಟ್ಟಿಗೆ ನಡೆದವು.

ಕಣ್ಣಿನ ಪರೀಕ್ಷೆ ಮರೆಯದಿರಿ

ದಿನ ತುಂಬದ ಮಕ್ಕಳ ಕಣ್ಣಿನ ಒಳಪರದೆಯ ರಕ್ತನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಅವು ಅಡ್ಡಾದಿಡ್ಡಿಯಾಗಿ ಬೆಳೆದರೆ ಮಗು ಶಾಶ್ವತವಾಗಿ ಕುರುಡಾಗಬಹುದು. ಹೊರಗಿನಿಂದ ಕಣ್ಣು ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೆ ಹುಟ್ಟಿದ 30 ದಿನಗಳೊಳಗೆ ಈ ಪರೀಕ್ಷೆ ಆಗಲೇಬೇಕು. ತೀರ ಚಿಕ್ಕ ಮಕ್ಕಳಿಗೆ ಇನ್ನೂ ಬೇಗ, ಎರಡು ಮೂರು ವಾರಗಳಲ್ಲಿ. ಸಕಾಲದಲ್ಲಿ ಕಂಡುಹಿಡಿದರೆ ಲೇಸರ್ ಮುಂತಾದ ಚಿಕಿತ್ಸೆಯಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರು ಕ್ಯಾಮೆರಾದೊಂದಿಗೆ ಜಿಲ್ಲೆಗಳ ಆಸ್ಪತ್ರೆಗಳಿಗೇ ಬಂದು ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳುಹಿಸುತ್ತಾರೆ. ನನ್ನ ಮಗಳ ಪರೀಕ್ಷೆ 27ನೆಯ ದಿನ ಆಯಿತು. ಎರಡು ವಾರ ಬಿಟ್ಟು ಮತ್ತೊಮ್ಮೆ. ಚಿಕಿತ್ಸೆ ಬೇಕಾಗಲಿಲ್ಲ. ಕಿವಿಯ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು.

ಮನೆಗೆ ಬಂದ ಬಳಿಕ

ನಳಿಗೆ ಹೋಗಿ ಒಳಲೆ ಬಂತು. ನಮ್ಮಜ್ಜಿಯರು ಬಳಸುತ್ತಿದ್ದ ಆ ಮೂತಿಯ ಬಟ್ಟಲನ್ನು ಆಸ್ಪತ್ರೆಯಲ್ಲಿ ಕುದಿಸಿ ಬಳಸುವುದನ್ನು ಕಂಡು ಅತ್ತೆಯವರು ಮೊದಲ ಸಲ ನಕ್ಕರು. ಮುಂದೆ ಎದೆಹಾಲು ಚೀಪತೊಡಗಿದಳು. 38ನೆಯ ದಿನ, 1,800 ಗ್ರಾಂ ತೂಗುತ್ತಿದ್ದವಳನ್ನು ಮನೆಗೆ ಕಳುಹಿಸಿದರು. ಅಂದು ವೈದ್ಯರು ಹೇಳಿದ ಮಾತುಗಳನ್ನು ಇಲ್ಲಿ ಕೊಡುತ್ತೇನೆ.

ಕಾಂಗರೂ ಆರೈಕೆ ಮನೆಯಲ್ಲೂ ನಡೆಯಲಿ. ಎದೆಹಾಲಿನ ಹೊರತು ಜೇನು, ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದೂ ಬೇಡ; ವೈದ್ಯರು ಬರೆದ ಕಬ್ಬಿಣಾಂಶ ಮತ್ತು ಡಿ ಜೀವಸತ್ವದ ಹನಿಗಳನ್ನು ತಪ್ಪಿಸಬೇಡಿ. ಎಣ್ಣೆ ನೀರೆರೆಯಲು ಅವಸರ ಬೇಡ. ವೈದ್ಯರು ಒಪ್ಪುವವರೆಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಲೋಬಾನದ ಹೊಗೆ ಎಳೆಯ ಶ್ವಾಸಕೋಶಕ್ಕೆ ಹಾನಿ. ಕಣ್ಣಿಗೆ ಕಾಡಿಗೆ ಬೇಡ. ಕೆಮ್ಮು ನೆಗಡಿ ಇದ್ದವರು ಹತ್ತಿರ ಬರಬಾರದು. ಲಸಿಕೆಗಳನ್ನು ಹುಟ್ಟಿದ ದಿನದ ಲೆಕ್ಕದಲ್ಲೇ ಹಾಕಿಸಿ. ಕತ್ತು ನಿಲ್ಲುವುದು, ಕೂರುವುದು, ನಡೆಯುವುದನ್ನು ಮಾತ್ರ ದಿನ ತುಂಬಬೇಕಾಗಿದ್ದ ತಾರೀಖಿನಿಂದ ಎಣಿಸಿ.

ಮಗು ಹಾಲು ಬಿಟ್ಟರೆ, ಅಂಗಾಲು ತಣ್ಣಗಾದರೆ, ಉಸಿರಾಡುವಾಗ ಪಕ್ಕೆ ಒಳಸೆಳೆದರೆ, ತುಟಿ ನೀಲಿಯಾದರೆ, ಅಂಗೈ ಅಂಗಾಲು ಹಳದಿಯಾದರೆ, ಎಬ್ಬಿಸಿದರೂ ಏಳದೆ ಮಂಕಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ. ದಾರಿಯಲ್ಲಿ ಮಗು ಎದೆಗಂಟಿಕೊಂಡೇ ಇರಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಒಂದು ವರ್ಷದವರೆಗಿನ ಮಕ್ಕಳ ಚಿಕಿತ್ಸೆ, ಔಷಧ, ವಾಹನ ಉಚಿತ. ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಮಗು ದಿನ ತುಂಬದೆ ಹುಟ್ಟಿದೆಯೆಂದು ಮರೆಯದೆ ತಿಳಿಸಿ.

ಮನೆಗೆ ಬಂದ ಎರಡು ತಿಂಗಳಿಗೆ ಅಯ್ಯನವರು ಬಂದರು. ಅವಳ ಕೊರಳಿಗೆ ಲಿಂಗ ಬಂತು, ತೊಟ್ಟಿಲು ಕಟ್ಟಿ ಹೆಸರಿಟ್ಟೆವು. ಈಗ ಅವಳಿಗೆ ಮೂರು ವರ್ಷ. ತೊಟ್ಟಿಲು ಮತ್ತೆ ಅಟ್ಟ ಸೇರಿದೆ. ರಾತ್ರಿ ನಿದ್ದೆ ಬಾರದಿದ್ದರೆ ಇಂದಿಗೂ ಅವಳು ನನ್ನ ಎದೆಯ ಮೇಲೆ ಕವುಚಿ, ತಲೆಯನ್ನು ಒಂದು ಬದಿಗೆ ಹೊರಳಿಸಿ ಮಲಗುತ್ತಾಳೆ. ಅವಳ ಉಸಿರನ್ನು ಎಣಿಸುವ ಅಭ್ಯಾಸ ನನಗೂ ಇನ್ನೂ ಹೋಗಿಲ್ಲ.