ಕಣ್ಣಲ್ಲಿ ಹೂ ಬಿದ್ದರೆ ಎಲ್ಲ ಮುಗಿಯಿತೇ?

ಕೊಯ್ಲಿನಲ್ಲಿ ಭತ್ತದ ಹೊಟ್ಟು ಸಿಡಿದೋ, ಎಲೆಯಡಿಕೆಯ ಸುಣ್ಣ ಹಾರಿಯೋ ಕಣ್ಣಿಗೆ ಗಾಯವಾಗುವುದು ನಮ್ಮ ಊರುಗಳಲ್ಲಿ ಹೊಸತಲ್ಲ. ಗಾಯ ಮಾಗಿದರೂ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾದಲ್ಲಿ ಬಿಳಿ ಕಲೆ ಉಳಿಯಬಹುದು. 'ಹೂ ಬಿದ್ದಿದೆ, ಇನ್ನೇನು ಮಾಡಲಾದೀತು?' ಎಂದು ನಾವು ಕೈಚೆಲ್ಲುತ್ತೇವೆ. ಅಷ್ಟು ಬೇಗ ಕೈಚೆಲ್ಲಬೇಕಾಗಿಲ್ಲ.

ಕಲೆಯಿಂದ ಕಾರ್ನಿಯಾ ಉಬ್ಬುತಗ್ಗಾದಾಗ ಬೆಳಕು ಒಂದೆಡೆ ಕೂಡದೆ ನೋಟ ಮಸುಕಾಗುತ್ತದೆ. ಇದೇ ಅಸ್ಟಿಗ್ಮ್ಯಾಟಿಸಂ. ವಕ್ರತೆ ಒಂದು ಕ್ರಮದಲ್ಲಿದ್ದರೆ ಸಿಲಿಂಡರ್ ಪವರಿನ ಕನ್ನಡಕ ಸಾಕು. ಅಡ್ಡಾದಿಡ್ಡಿಯಾಗಿದ್ದರೆ ಕನ್ನಡಕ ಸೋಲುತ್ತದೆ. ಅಲ್ಲಿ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ನೆರವಾಗುತ್ತದೆ. ಲೆನ್ಸಿನ ಅಡಿಯಲ್ಲಿ ಕಣ್ಣೀರು ತುಂಬಿ ತಗ್ಗುಗಳನ್ನು ಮುಚ್ಚುವುದರಿಂದ ಕಣ್ಣಿಗೆ ನಯವಾದ ಹೊಸ ಮೈ ದೊರೆಯುತ್ತದೆ. ಅದು ಕೂರದ ಕಣ್ಣಿಗೆ, ಬಿಳಿಗುಡ್ಡೆಯ ಮೇಲೆ ಆತುಕೊಳ್ಳುವ ದೊಡ್ಡ ಸ್ಕ್ಲೀರಲ್ ಲೆನ್ಸ್ ಇದೆ. ಮೇಲ್ಪದರದ ಕಲೆಯನ್ನು ಕೆಲವೊಮ್ಮೆ ಲೇಸರಿನಿಂದ ತೆಗೆಯಬಹುದು. ಯಾವುದು ತಕ್ಕುದೆಂದು ಕಾರ್ನಿಯಾ ತಜ್ಞರೇ ಪರೀಕ್ಷಿಸಿ ಹೇಳಬೇಕು.

ದಟ್ಟವಾದ ಕಲೆ ನಟ್ಟನಡುವೆ ಇದ್ದರೆ ಹೆಚ್ಚಾಗಿ ಕಸಿಯೇ ದಾರಿ. ಅದಕ್ಕೆ ಮತ್ತೊಬ್ಬರ ಕಣ್ಣು ಬೇಕು. ಇಟಲಿಯ ಗುರು ಕಾರ್ಲೊ ನ್ಯೋಕಿ 1956ರಲ್ಲಿ ಸಾಯುವಾಗ ತಮ್ಮ ಕಾರ್ನಿಯಾಗಳನ್ನು ಇಬ್ಬರು ಅಂಧ ಎಳೆಯರಿಗೆ ಬಿಟ್ಟುಹೋದರು. ಅದೇ ವರ್ಷದ ಮೇ ತಿಂಗಳಲ್ಲಿ ಜಗದ್ಗುರು 12ನೇ ಪಿಯೂಸ್, ಇಂಥ ದಾನ ಮೃತದೇಹಕ್ಕೆ ಅಗೌರವವಲ್ಲವೆಂದು ತಿಳಿಸಿದರು. ಪುನರುತ್ಥಾನದ ದಿನ ಕಣ್ಣಿಲ್ಲದೆ ಏಳುವೆವೆಂಬ ಅಂಜಿಕೆ ನಮಗೆ ಬೇಡ.

ಮರಣದ ಬಳಿಕ ಆರು ಗಂಟೆಯೊಳಗೆ ಕಣ್ಣು ಪಡೆಯಬೇಕಾದುದರಿಂದ ನೇತ್ರಬ್ಯಾಂಕಿಗೆ ಕೂಡಲೇ ತಿಳಿಸಬೇಕು. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು. ಸಾವಿನ ಮನೆಯ ಅಳುವಿನಲ್ಲಿ ಇದು ನೆನಪಾಗಬೇಕಾದರೆ, ಇಂದೇ ಜಪಸರದ ಬಳಿಕ ಮನೆಮಂದಿ ಕುಳಿತು ಮಾತಾಡಿಕೊಳ್ಳೋಣ.