ಹೊಸ ತಿರುಳಿಗೆ ಹಳೆಯ ಕರಟ

ನನ್ನ ಸೋದರಮಾವನವರು ಮೂವತ್ತು ವರ್ಷಗಳಿಗೂ ಮಿಗಿಲಾಗಿ ಪ್ರೌಢಶಾಲೆಯಲ್ಲಿ ಕನ್ನಡವನ್ನೂ ಸಂಸ್ಕೃತವನ್ನೂ ಬೋಧಿಸಿ ನಿವೃತ್ತರಾದ ಮೇಲೆ, ತಮ್ಮ ಸೀಮೆಯ ದೇವಾಲಯಗಳ ಶಾಸನಗಳನ್ನು ಕುರಿತು ತಾವು ಸಂಗ್ರಹಿಸಿಟ್ಟಿದ್ದ ಟಿಪ್ಪಣಿಗಳನ್ನೆಲ್ಲ ಗ್ರಂಥರೂಪಕ್ಕೆ ತರಬೇಕೆಂಬ ಹಂಬಲದಿಂದ, ಅರವತ್ತು ಕಳೆದ ವಯಸ್ಸಿನಲ್ಲಿ ಗಣಕಯಂತ್ರದ ಮುಂದೆ ಕುಳಿತವರು. ಆಗ ಅವರ ಯಂತ್ರದಲ್ಲಿದ್ದುದು ವಿಂಡೋಸ್ ಎಕ್ಸ್‌ಪಿ. ಬರೆಯುವುದಕ್ಕೆ ಇದ್ದುದು 'ಬರಹ' ತಂತ್ರಾಂಶ. ಮೌಸಿನ ಬಾಣವನ್ನು ಪರದೆಯ ಎಡಗಡೆಯ ಕೆಳಮೂಲೆಗೆ ಒಯ್ದು, ಅಲ್ಲಿರುವ 'ಸ್ಟಾರ್ಟ್' ಗುಂಡಿಯನ್ನು ಒತ್ತಿ, ಮೇಲೆದ್ದು ಬರುವ ಪಟ್ಟಿಯಿಂದ ಬೇಕಾದುದನ್ನು ಆರಿಸಿಕೊಳ್ಳುವ ಕ್ರಮವನ್ನು ಅವರು ಬಾಲ್ಯದಲ್ಲಿ ಅಮರಕೋಶವನ್ನು ಕಲಿತ ಶ್ರದ್ಧೆಯಿಂದಲೇ ಕಲಿತರು. 2013ರಲ್ಲಿ ಆ ಯಂತ್ರ ಕೆಟ್ಟು ಹೊಸದೊಂದು ಮನೆಗೆ ಬಂದಿತು. ಅದರಲ್ಲಿ ವಿಂಡೋಸ್ 8 ಇದ್ದಿತು. ತೆರೆದೊಡನೆ ಪರದೆಯ ತುಂಬ ಬಣ್ಣಬಣ್ಣದ ಚೌಕಗಳು; ಅವುಗಳನ್ನು ಹೇಗೋ ದಾಟಿ 'ಡೆಸ್ಕ್‌ಟಾಪ್' ಎಂಬ ಹಳೆಯ ಅಂಗಳಕ್ಕೆ ಬಂದರೆ, ಮೂಲೆಯಲ್ಲಿ ಗುಂಡಿಯಿಲ್ಲ. ಅವರ ಕೈ ಮಾತ್ರ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. "ಗುಂಡಿ ಎಲ್ಲಿ ಹೋಯಿತಪ್ಪಾ?" ಎಂದು ಅವರು ನನ್ನನ್ನು ಕೇಳಿದ ಧ್ವನಿಯಲ್ಲಿ, ತಮ್ಮ ಮನೆಯ ಬಾಗಿಲನ್ನೇ ಯಾರೋ ಕಿತ್ತು ಬೇರೆಡೆ ಇರಿಸಿದ್ದಾರೆಂಬ ವ್ಯಾಕುಲತೆ ಇದ್ದಿತು.

ಇದನ್ನು ವೃದ್ಧಾಪ್ಯದ ಜಡತೆಯೆಂದು ತಳ್ಳಿಹಾಕುವವರು ಮನುಷ್ಯನ ಸ್ಮೃತಿಯ ಸ್ವರೂಪವನ್ನು ಚೆನ್ನಾಗಿ ಪರಿಶೀಲಿಸಿದವರಲ್ಲ. ನೆನಪು ಎಂದು ನಾವು ಒಂದೇ ಹೆಸರಿನಿಂದ ಕರೆಯುವುದು ವಾಸ್ತವವಾಗಿ ಒಂದೇ ಶಕ್ತಿಯಲ್ಲ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ಅಪಸ್ಮಾರದ ಬಾಧೆಯನ್ನು ನಿವಾರಿಸುವುದಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆ ನಡೆದಾಗ, ಹೊಸ ಸಂಗತಿಗಳನ್ನು ನೆನಪಿನಲ್ಲಿಟ್ಟುಕೊಳ್ಳುವ ಸಾಮರ್ಥ್ಯ ಅವನಿಂದ ಶಾಶ್ವತವಾಗಿ ಹೊರಟುಹೋಯಿತು. ಅಂಥವನ ಮುಂದೆ ಬ್ರೆಂಡಾ ಮಿಲ್ನರ್ ಎಂಬ ವಿದುಷಿ ನಕ್ಷತ್ರದ ಚಿತ್ರವೊಂದನ್ನಿಟ್ಟು, ತನ್ನ ಕೈಯನ್ನು ಕನ್ನಡಿಯಲ್ಲಿ ಮಾತ್ರ ನೋಡುತ್ತ ಅದರ ಅಂಚಿನ ಗುಂಟ ಗೆರೆಯೆಳೆಯುವಂತೆ ಹೇಳಿದರು. ಮೂರು ದಿನಗಳ ಅಭ್ಯಾಸದಲ್ಲಿ ಅವನ ಗೆರೆ ನಿರ್ದುಷ್ಟವಾಗುತ್ತ ಬಂದಿತು. ಆದರೆ ಆ ಕೆಲಸವನ್ನು ತಾನು ಹಿಂದೆಂದಾದರೂ ಮಾಡಿದ್ದೆನೆಂಬುದು ಅವನಿಗೆ ಒಮ್ಮೆಯೂ ನೆನಪಾಗಲಿಲ್ಲ. ಮನಸ್ಸು ಮರೆತುದನ್ನು ಕೈ ಮರೆತಿರಲಿಲ್ಲ. ಸೈಕಲ್ ತುಳಿಯುವುದು, ವೀಣೆಯ ಮೆಟ್ಟಿಲುಗಳ ಮೇಲೆ ಬೆರಳಾಡಿಸುವುದು, ಪರದೆಯ ಮೂಲೆಗೆ ಬಾಣವನ್ನು ಒಯ್ಯುವುದು ಇವೆಲ್ಲ ಈ ಹಸ್ತಸ್ಮೃತಿಯ ವ್ಯಾಪಾರಗಳೇ. ನಿಧಾನವಾಗಿ ಕೂಡಿಬರುವ ಈ ಜ್ಞಾನ ನಿಧಾನವಾಗಿಯೇ ಕಳಚುವುದು. ವಾದದಿಂದಾಗಲಿ ಉಪದೇಶದಿಂದಾಗಲಿ ಅದನ್ನು ಒಂದು ದಿನದಲ್ಲಿ ಅಳಿಸಲಾಗದು.

ಮಾವನವರ ಕೈ ಹುಡುಕುತ್ತಿದ್ದ ಆ ಗುಂಡಿ ಲೋಕಕ್ಕೆ ಬಂದುದು ವಿಂಡೋಸ್ 95ರೊಡನೆ, 1995ರ ಆಗಸ್ಟ್ 24ರಂದು. ಅದು ಮೂಲೆಯಲ್ಲಿದ್ದುದಕ್ಕೆ ಒಂದು ಪ್ರಯೋಜನವೂ ಉಂಟು. ಗುರಿಯೊಂದನ್ನು ಮುಟ್ಟಲು ಕೈಗೆ ಬೇಕಾಗುವ ಕಾಲ ಗುರಿಯ ದೂರವನ್ನೂ ಅದರ ಅಗಲವನ್ನೂ ಅವಲಂಬಿಸಿರುವುದೆಂಬ ನಿಯಮವನ್ನು ಪಾಲ್ ಫಿಟ್ಸ್ 1954ರಲ್ಲಿಯೇ ತೋರಿಸಿಕೊಟ್ಟಿದ್ದರು. ಪರದೆಯ ಮೂಲೆಯಾದರೋ ಬಾಣವನ್ನು ಎಷ್ಟು ರಭಸದಿಂದ ತಳ್ಳಿದರೂ ದಾಟಿಹೋಗಲಾಗದ ಸ್ಥಳ; ಆದುದರಿಂದ ಅಲ್ಲಿನ ಸಣ್ಣ ಗುಂಡಿಯೂ ಕೈಯ ಪಾಲಿಗೆ ಮಹಾ ವಿಶಾಲವಾದುದೇ. ಇಷ್ಟಾದರೂ ಈ ಗುಂಡಿಯೇ ಹೊಸದಾಗಿದ್ದ ಕಾಲದಲ್ಲಿ, ವಿಂಡೋಸ್ 3.1ರ 'ಪ್ರೋಗ್ರಾಂ ಮ್ಯಾನೇಜರ್' ಎಂಬ ಹಿಂದಿನ ಅಂಗಳವೇ ತಮಗೆ ಬೇಕೆಂದವರಿಗಾಗಿ ಅದನ್ನೂ ಹೊಸ ವ್ಯವಸ್ಥೆಯೊಳಗೆ ಉಳಿಸಿದ್ದರು. ಒಂದು ಕಡತದ ಒಂದೇ ಸಾಲನ್ನು ತಿದ್ದಿದರೆ 1995ರ ಯಂತ್ರ 1992ರ ಮುಖವನ್ನು ತೋರುತ್ತಿತ್ತು.

ಒಂದು ಸಾಲಿನ ತಿದ್ದುಪಡಿಯಿಂದ ಮುಖವೇ ಬದಲಾಗುವುದು ಹೇಗೆ ಸಾಧ್ಯವಾಯಿತೆಂಬುದನ್ನು ತಿಳಿಯಬೇಕಾದರೆ, ಕಾರ್ಯಾಚರಣ ವ್ಯವಸ್ಥೆಯ ಒಳರಚನೆಯನ್ನು ಸ್ವಲ್ಪ ನೋಡಬೇಕು. ಅದನ್ನು ನಾನು ನಮ್ಮ ತೆಂಗಿನಕಾಯಿಗೆ ಹೋಲಿಸಿದರೆ ಅದು ಕೇವಲ ಕವಿಸಮಯವಲ್ಲ. ಅದನ್ನು ಕಟ್ಟಿದವರೇ ಒಳಭಾಗವನ್ನು 'ಕರ್ನೆಲ್', ಅಂದರೆ ತಿರುಳೆಂದೂ, ಹೊರಭಾಗವನ್ನು 'ಶೆಲ್', ಅಂದರೆ ಕರಟವೆಂದೂ ಕರೆದಿದ್ದಾರೆ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಪ್ರೊಸೆಸರ್ ದೊರೆಯಬೇಕು, ಯಾವುದಕ್ಕೆ ಮೆಮೊರಿಯ ಯಾವ ಭಾಗ ಸಲ್ಲಬೇಕು, ಡಿಸ್ಕಿನ ಮೇಲೆ ಯಾವುದನ್ನು ಎಲ್ಲಿ ಬರೆಯಬೇಕು ಎಂಬ ನಿರ್ಣಯಗಳೆಲ್ಲ ತಿರುಳಿನವು. ಅವು ನಮ್ಮ ಕಣ್ಣಿಗೆ ಎಂದೂ ಬೀಳುವುದಿಲ್ಲ. ನಮಗೆ ಕಾಣುವ ಅಂಗಳ, ಕೆಳಗಿನ ಪಟ್ಟಿ, ಗುಂಡಿ, ಕಡತಗಳ ಕಿಟಕಿ ಇವೆಲ್ಲ ಕರಟದವು. ಮತ್ತು ಈ ಕರಟವೆಂಬುದು ಪತ್ರ ಬರೆಯುವ ತಂತ್ರಾಂಶದಂತೆಯೇ, ಲೆಕ್ಕ ಬರೆಯುವ ತಂತ್ರಾಂಶದಂತೆಯೇ, ತಿರುಳಿನ ಮೇಲೆ ನಡೆಯುವ ಇನ್ನೊಂದು ತಂತ್ರಾಂಶವೇ ಹೊರತು ಬೇರೇನೂ ಅಲ್ಲ. ವಿಂಡೋಸಿನಲ್ಲಿ ಅದರ ಹೆಸರು 'ಎಕ್ಸ್‌ಪ್ಲೋರರ್'. ತಿರುಳು ಹೊಸದಾಗಿದ್ದು ಕರಟ ಹಳೆಯದಾಗಿರುವುದರಲ್ಲಿ ತಾತ್ವಿಕವಾದ ವಿರೋಧವೇನೂ ಇಲ್ಲ.

ಮಾವನವರ ಯಂತ್ರಕ್ಕೆ ನಾನು ಅಂದು ಹಾಕಿಕೊಟ್ಟದ್ದು 'ಕ್ಲಾಸಿಕ್ ಶೆಲ್' ಎಂಬ ತಂತ್ರಾಂಶ. ಐವೊ ಬೆಲ್ಚೆವ್ ಎಂಬ ಒಬ್ಬರೇ ಅದನ್ನು 2009ರಿಂದ ಬೆಳೆಸಿ, ಕೇಳಿದವರಿಗೆಲ್ಲ ಉಚಿತವಾಗಿ ಕೊಡುತ್ತಿದ್ದರು. ಅದು ಎಕ್ಸ್‌ಪ್ಲೋರರನ್ನು ಕಿತ್ತುಹಾಕುತ್ತಿರಲಿಲ್ಲ. ಅದರ ಮಗ್ಗುಲಲ್ಲಿ ಕಾವಲು ಕುಳಿತಿರುತ್ತಿತ್ತು. ವಿಂಡೋಸಿನಲ್ಲಿ ಗುಂಡಿ ಒತ್ತುವುದೂ ಬಾಣ ಚಲಿಸುವುದೂ ಒಂದೊಂದು ಸಂದೇಶವಾಗಿ ಸಂಬಂಧಪಟ್ಟ ಕಿಟಕಿಗೆ ತಲಪುತ್ತವೆ. ಆ ಸಂದೇಶ ತನ್ನ ಗಮ್ಯಸ್ಥಾನವನ್ನು ಸೇರುವುದಕ್ಕೆ ಮುಂಚೆ ಅದನ್ನು ಬೇರೊಂದು ತಂತ್ರಾಂಶ ತಡೆದು ನೋಡುವುದಕ್ಕೆ 'ಹುಕ್' ಅಥವಾ ಕೊಕ್ಕೆ ಎಂಬ ಏರ್ಪಾಡು ವ್ಯವಸ್ಥೆಯಲ್ಲಿಯೇ ಇದೆ. ಕ್ಲಾಸಿಕ್ ಶೆಲ್ ಇಂಥ ಕೊಕ್ಕೆಯನ್ನು ಹಾಕಿ, ವಿಂಡೋಸ್ ಕೀಲಿಯನ್ನು ಒತ್ತಿದ ಸುದ್ದಿ ಹೊರಟ ಕ್ಷಣದಲ್ಲಿಯೇ ಅದನ್ನು ದಾರಿಯಲ್ಲಿ ತಡೆದು, ಚೌಕಗಳ ಪರದೆಗೆ ಹೋಗಗೊಡದೆ ತನ್ನ ಹಳೆಯ ಪಟ್ಟಿಯನ್ನು ಮುಂದಿಡುತ್ತಿತ್ತು. ಇಲ್ಲದ ಗುಂಡಿಯನ್ನೂ ತಾನೇ ಬರೆದು ಮೂಲೆಯಲ್ಲಿ ಕೂರಿಸುತ್ತಿತ್ತು. ವಿಂಡೋಸ್ 8ರ ಪ್ರಾರಂಭದ ಪರೀಕ್ಷಾರ್ಥ ಪ್ರತಿಯಲ್ಲಿ ಹಳೆಯ ಪಟ್ಟಿ ಇನ್ನೂ ಒಳಗೇ ಇದ್ದು, ವ್ಯವಸ್ಥೆಯ ಆಯ್ಕೆಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿನ ಒಂದು ಅಂಕಿಯನ್ನು ಬದಲಿಸಿದರೆ ಕಾಣಿಸಿಕೊಳ್ಳುತ್ತಿತ್ತು. ಮುಂದಿನ ಪ್ರತಿಗಳಲ್ಲಿ ಅದನ್ನು ಬುಡಸಹಿತ ತೆಗೆದುಹಾಕಿದುದರಿಂದಲೇ ಹೊರಗಿನವರು ಅದನ್ನು ಮತ್ತೆ ಮೊದಲಿನಿಂದ ಕಟ್ಟಬೇಕಾಯಿತು. 2013ರ ಅಕ್ಟೋಬರಿನಲ್ಲಿ ಬಂದ 8.1ರಲ್ಲಿ ಗುಂಡಿ ಮರಳಿತು. ಪಟ್ಟಿ ಮರಳಿದುದು 2015ರ ವಿಂಡೋಸ್ 10ರಲ್ಲಿ.

ಕೆಲಸದ ಕ್ರಮವನ್ನು ಹೀಗೆ ಹಿಂದಕ್ಕೆ ತರಬಹುದಾದರೂ ರೂಪವನ್ನು ತರುವುದು ಕೆಲವೊಮ್ಮೆ ಅದಕ್ಕಿಂತ ಕಷ್ಟ. ವಿಂಡೋಸ್ 95ರ ಬೂದುಬಣ್ಣದ ಗುಂಡಿ ಪರದೆಯಿಂದ ಉಬ್ಬಿಬಂದಂತೆ ತೋರುತ್ತಿತ್ತಷ್ಟೆ. ಅದರ ರಹಸ್ಯ ನಾಲ್ಕು ಗೆರೆಗಳಲ್ಲಿದ್ದಿತು. ಮೇಲಿನ ಮತ್ತು ಎಡಗಡೆಯ ಅಂಚಿಗೆ ಬಿಳಿ, ಕೆಳಗಿನ ಮತ್ತು ಬಲಗಡೆಯ ಅಂಚಿಗೆ ಕಪ್ಪು. ಬೆಳಕು ಎಡಮೇಲ್ಗಡೆಯಿಂದ ಬೀಳುತ್ತಿದೆಯೆಂದು ಕಣ್ಣು ತಾನಾಗಿ ಭಾವಿಸಿ ಸಮತಲದಲ್ಲಿ ಎತ್ತರವನ್ನು ಕಾಣುತ್ತಿತ್ತು. ಒತ್ತಿದಾಗ ಬಿಳಿ ಕಪ್ಪುಗಳು ಸ್ಥಾನ ಬದಲಿಸುತ್ತಿದ್ದವು, ಗುಂಡಿ ತಗ್ಗುತ್ತಿತ್ತು. ಇಷ್ಟು ಮಿತವಾದ ಸಾಮಗ್ರಿಯಿಂದ ಇಷ್ಟು ಸ್ಪಷ್ಟವಾದ ಅರ್ಥವನ್ನು ಹೊರಡಿಸಿದ ಆ ರಚನೆಯನ್ನು ನಾನು ಇಂದಿಗೂ ಉತ್ತಮ ಶಿಲ್ಪವೆಂದೇ ಎಣಿಸುತ್ತೇನೆ. ವಿಂಡೋಸ್ 7ರವರೆಗೂ ಈ ರೂಪ ಒಂದು ಆಯ್ಕೆಯಾಗಿ ಉಳಿದಿದ್ದಿತು. ಹಳೆಯ ಪದ್ಧತಿಯಲ್ಲಿ ಪ್ರತಿಯೊಂದು ಕಿಟಕಿಯೂ ತನ್ನನ್ನು ನೇರವಾಗಿ ಪರದೆಯ ಮೇಲೆ ಬರೆದುಕೊಳ್ಳಬಹುದಾಗಿದ್ದಿತು. ವಿಂಡೋಸ್ ವಿಸ್ಟಾದಲ್ಲಿ ಬಂದ ಹೊಸ ಪದ್ಧತಿಯಲ್ಲಾದರೆ ಪ್ರತಿಯೊಂದು ಕಿಟಕಿಯೂ ಮೆಮೊರಿಯಲ್ಲಿ ತನಗೆ ಮೀಸಲಾದ ಹಾಳೆಯ ಮೇಲೆ ಬರೆದುಕೊಳ್ಳುವುದು. ಸಂಯೋಜಕವೆಂಬ ಬೇರೊಂದು ತಂತ್ರಾಂಶ ಆ ಹಾಳೆಗಳನ್ನೆಲ್ಲ ಒಂದರ ಮೇಲೊಂದು ಹೊಂದಿಸಿ, ಅಂಚುಕಟ್ಟುಗಳನ್ನು ತಾನೇ ಹಾಕಿ, ಪೂರ್ಣ ಚಿತ್ರವನ್ನು ಪರದೆಗೆ ಕೊಡುವುದು. ವಿಂಡೋಸ್ 8ರಿಂದ ಮುಂದೆ ಈ ಸಂಯೋಜಕವನ್ನು ನಿಲ್ಲಿಸುವ ಅವಕಾಶವೇ ಇಲ್ಲವಾಯಿತು. ಹಳೆಯ ನಾಲ್ಕು ಗೆರೆಗಳ ಅಂಚು ಅದರೊಡನೆ ವ್ಯವಸ್ಥೆಯಿಂದ ನಿರ್ಗಮಿಸಿತು. ಸಂಯೋಜಕದಿಂದ ಆದ ಉಪಕಾರ ದೊಡ್ಡದು, ಕಿಟಕಿಗಳನ್ನು ಎಳೆದಾಡುವಾಗ ಉಳಿಯುತ್ತಿದ್ದ ಚಿಂದಿಚಿತ್ರಗಳು ಮಾಯವಾದವು. ಆದರೆ ಎರಡು ಪದರಗಳು ಬೆಸೆದುಕೊಂಡಲ್ಲಿ ಮೇಲಿನದನ್ನು ಮಾತ್ರ ಬಿಡಿಸಿ ಬದಲಿಸುವ ಸ್ವಾತಂತ್ರ್ಯ ಹೋಗುವುದು ಇಲ್ಲಿಯೇ.

ಯೂನಿಕ್ಸ್ ಪರಂಪರೆಯಲ್ಲಿ ಈ ಬೆಸುಗೆಯನ್ನು ಮೊದಲಿನಿಂದಲೂ ಉದ್ದೇಶಪೂರ್ವಕವಾಗಿಯೇ ತಪ್ಪಿಸಿದ್ದರು. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ಪರದೆಯ ಮೇಲೆ ಬರೆಯುವ ಸಾಧನವನ್ನು ಮಾತ್ರ ಒದಗಿಸಿ, ಕಿಟಕಿಯ ಅಂಚು ಹೇಗಿರಬೇಕು, ಗುಂಡಿ ಯಾವ ಪಾರ್ಶ್ವದಲ್ಲಿರಬೇಕು ಎಂಬುದನ್ನು ಬೇರೊಂದು ತಂತ್ರಾಂಶದ ಪಾಲಿಗೆ ಬಿಟ್ಟಿತು. ಹೀಗಾಗಿ ಅದೇ ಪರಂಪರೆಯ ಲಿನಕ್ಸ್ ಯಂತ್ರವೊಂದು ವಿಂಡೋಸ್ 95ರ ವೇಷವನ್ನು ಧರಿಸುವುದಕ್ಕೆ 'ಎಫ್‌ವಿಡಬ್ಲ್ಯೂಎಂ95' ಎಂಬ ಕಿಟಕಿ ನಿರ್ವಾಹಕ ಸಾಕಾಗಿದ್ದಿತು. ಆದರೆ ಇಲ್ಲಿಯೂ ಒಂದು ದೊಡ್ಡ ಪಲ್ಲಟ ಬಂದಿತು. 2002ರಿಂದ ಜನರಿಗೆ ಒಗ್ಗಿಹೋಗಿದ್ದ ಗ್ನೋಮ್ 2 ಎಂಬ ಅಂಗಳ 2011ರ ಏಪ್ರಿಲಿನಲ್ಲಿ ಗ್ನೋಮ್ 3 ಆದಾಗ, ಪಟ್ಟಿಗಳೂ ಪರಿಚಿತ ಸ್ಥಾನಗಳೂ ಒಮ್ಮೆಲೇ ಬದಲಾದವು. ತಂತ್ರಾಂಶದ ಮೂಲ ಬರಹ ಎಲ್ಲರಿಗೂ ತೆರೆದಿದ್ದುದರಿಂದ ಇಲ್ಲಿ ಕೊಕ್ಕೆ ಹಾಕುವ ಅಗತ್ಯವಿರಲಿಲ್ಲ. ಅರ್ಜೆಂಟೀನಾದ ಬಳಕೆದಾರನೊಬ್ಬ ಗ್ನೋಮ್ 2ರ ಬರಹವನ್ನೇ ತೆಗೆದುಕೊಂಡು ಮುಂದುವರಿಸತೊಡಗಿ, ತನ್ನ ನಾಡಿನವರು ನಾವು ಕಾಫಿ ಕುಡಿಯುವಂತೆ ಕುಡಿಯುವ 'ಮಾತೆ' ಎಂಬ ಎಲೆಯ ಕಷಾಯದ ಹೆಸರನ್ನು ಅದಕ್ಕೆ ಇಟ್ಟ.

ಆದರೆ ಹಳೆಯದನ್ನು ಹಾಗೆಯೇ ಇಟ್ಟುಕೊಂಡರಾಯಿತು ಎನ್ನುವಷ್ಟು ಅದು ಸುಲಭವಾಗಿರಲಿಲ್ಲ. ಹಳೆಯ ಗ್ನೋಮೂ ಹೊಸ ಗ್ನೋಮೂ ಒಂದೇ ಯಂತ್ರದಲ್ಲಿ ವಾಸಿಸಬೇಕಾದರೆ ಒಂದೇ ಹೆಸರಿನ ಕಡತಗಳು ಪರಸ್ಪರ ಘರ್ಷಿಸುತ್ತಿದ್ದವು. ಆದುದರಿಂದ ಅಂಗಾಂಗಗಳಿಗೆಲ್ಲ ಹೊಸ ನಾಮಕರಣವಾಯಿತು. ಕಡತಗಳನ್ನು ತೋರಿಸುವ ತಂತ್ರಾಂಶ 'ಕಾಹಾ' ಆಯಿತು, ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ ಪೆಟ್ಟಿಗೆಯೆಂದರ್ಥ. ಕಿಟಕಿಗೆ ಅಂಚು ಕಟ್ಟುವುದು 'ಮಾರ್ಕೊ' ಆಯಿತು, ಅಂದರೆ ಚೌಕಟ್ಟು. ಬರೆಯುವ ಸಾಧನ 'ಪ್ಲೂಮಾ' ಆಯಿತು, ಅಂದರೆ ಗರಿ, ಲೇಖನಿ. ಆಮೇಲೆ ಮಾತೆ ನಿಂತಿದ್ದ ಜಿಟಿಕೆ ಎಂಬ ತಳಹದಿಯೇ ಎರಡನೆಯ ಆವೃತ್ತಿಯಿಂದ ಮೂರಕ್ಕೆ ಸರಿದಾಗ, ಮೇಲೆ ಕಾಣುವ ರೂಪದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಒಳಗಿನ ಗೋಡೆಗಳನ್ನೆಲ್ಲ ಹೊಸದಾಗಿ ಕಟ್ಟುವ ಶ್ರಮ ಅದನ್ನು ಬೆಳೆಸುವವರ ಪಾಲಿಗೆ ಬಂದಿತು. ಜೀರ್ಣೋದ್ಧಾರ ಮಾಡುವವರು ದೇವಾಲಯದ ಕಲ್ಲುಗಳಿಗೆ ಅಂಕಿ ಹಾಕಿ ಬಿಚ್ಚಿ, ಅಡಿಪಾಯವನ್ನು ಬದಲಿಸಿ, ಮತ್ತೆ ಅದೇ ಕ್ರಮದಲ್ಲಿ ಜೋಡಿಸುತ್ತಾರಲ್ಲ, ಅದರಂತೆ. ಬದಲಾಗದಿರುವುದಕ್ಕೂ ಎಡೆಬಿಡದ ದುಡಿಮೆ ಬೇಕು.

ಹಳೆಯದರಂತೆ ತೋರುವುದು ಒಂದಾದರೆ ಹಳೆಯದರಂತೆ ವರ್ತಿಸುವುದು ಇನ್ನೊಂದು. ಹಿಂದಿನ ಕಾಲಕ್ಕೆ ಬರೆದ ತಂತ್ರಾಂಶ ಹೊಸ ವ್ಯವಸ್ಥೆಯಲ್ಲಿಯೂ ನಡೆಯಬೇಕಾದರೆ, ಆ ತಂತ್ರಾಂಶಕ್ಕೂ ವ್ಯವಸ್ಥೆಗೂ ನಡುವೆ ಒಂದು ತೆಳುವಾದ ಪದರವನ್ನು ಇಡುವುದುಂಟು. "ಇದು ಯಾವ ವಿಂಡೋಸ್?" ಎಂದು ಹಳೆಯ ತಂತ್ರಾಂಶ ವಿಚಾರಿಸಿದಾಗ, ಆ ಪದರ "ಇದು 95" ಎಂದು ಉತ್ತರ ಕೊಟ್ಟು ಅದನ್ನು ಸಮಾಧಾನಪಡಿಸುವುದು. ಇನ್ನೂ ಸೂಕ್ಷ್ಮವಾದ ನಿದರ್ಶನವೊಂದಿದೆ. 'ಸಿಮ್‌ಸಿಟಿ' ಎಂಬ ಆಟ, ತಾನು ಬಳಸಿ ಹಿಂದಿರುಗಿಸಿದ್ದ ಮೆಮೊರಿಯನ್ನು ಮರುಕ್ಷಣದಲ್ಲಿಯೇ ಮತ್ತೆ ಓದುವ ದೋಷವುಳ್ಳದ್ದಾಗಿದ್ದಿತು. ಹಿಂದಿನ ವ್ಯವಸ್ಥೆಯಲ್ಲಿ ಅದು ಬಾಧಿಸದೆ ಇದ್ದು ವಿಂಡೋಸ್ 95ರಲ್ಲಿ ಬಾಧಿಸಲಾಗಿ, ನಡೆಯುತ್ತಿರುವುದು ಆ ಆಟವೇ ಎಂದು ಗುರುತಿಸಿ ಮೆಮೊರಿಯನ್ನು ಕೂಡಲೇ ಹಿಂದಕ್ಕೆ ಪಡೆಯದಿರುವ ವಿಶೇಷ ಕ್ರಮವೊಂದನ್ನು ವಿಂಡೋಸನ್ನು ಕಟ್ಟಿದವರು ಸೇರಿಸಿದರು. ಪರರ ತಪ್ಪಿನ ಭಾರವನ್ನು ಹೀಗೆ ಸದ್ದಿಲ್ಲದೆ ತಾವು ಹೊತ್ತ ಆ ಶಿಲ್ಪಿಗಳ ಸೌಜನ್ಯವನ್ನು ನೆನೆದರೆ ನನಗೆ ಗೌರವವುಂಟಾಗುತ್ತದೆ.

ನಮ್ಮ ಕನ್ನಡಕ್ಕೂ ಈ ಪ್ರಶ್ನೆ ಹೊರಗಿನದಲ್ಲ. ಯೂನಿಕೋಡ್ ರೂಢಿಗೆ ಬರುವ ಮುಂಚೆ, ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಒತ್ತು, ಗುಣಿತ, ತಲೆಕಟ್ಟುಗಳ ತುಂಡುಗಳನ್ನು ಕೂರಿಸಿದ ಫಾಂಟುಗಳಿಂದ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಎಷ್ಟೋ ಪುಸ್ತಕಗಳು ಪೇಜ್‌ಮೇಕರಿನಲ್ಲಿ ಸಿದ್ಧವಾದವು. ಆ ಫಾಂಟು ಇಲ್ಲದೆಡೆ ತೆರೆದರೆ ಆ ಕಡತಗಳು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅವುಗಳನ್ನು ಮತ್ತೆ ಅಚ್ಚಿಗೆ ಕಳಿಸುವುದಕ್ಕಾಗಿಯೇ ಹಳೆಯ ವಿಂಡೋಸ್ ಇರುವ ಯಂತ್ರವೊಂದನ್ನು ಮೂಲೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿರುವವರನ್ನು ನಾನು ಬಲ್ಲೆ. ಅಂಥವರಿಗೆ ನಾನು ಹೇಳುವ ಮಾತು ಒಂದೇ: ಆ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಬೇಡಿ. ಹಳೆಯ ಕರಟವನ್ನು ಬಯಸುವುದು ನಿರುಪದ್ರವವಾದುದು; ಹಳೆಯ ತಿರುಳನ್ನೇ ಉಳಿಸಿಕೊಳ್ಳುವುದು ಹಾಗಲ್ಲ. ಎಕ್ಸ್‌ಪಿಗೆ ರಕ್ಷಣೆಯ ತಿದ್ದುಪಡಿಗಳು 2014ರ ಏಪ್ರಿಲ್ 8ಕ್ಕೆ ನಿಂತವು. 2017ರ ಮೇ ತಿಂಗಳಲ್ಲಿ 'ವನ್ನಾಕ್ರೈ' ಎಂಬ ಪಿಡುಗು ಲೋಕವನ್ನೆಲ್ಲ ವ್ಯಾಪಿಸಿದಾಗ, ಮೈಕ್ರೋಸಾಫ್ಟ್ ತನ್ನ ನಿಯಮವನ್ನು ಸಡಿಲಿಸಿ ಆ ಹಳೆಯ ವ್ಯವಸ್ಥೆಗೂ ಮದ್ದನ್ನು ಕೊಡಬೇಕಾಯಿತು.

ಕ್ಲಾಸಿಕ್ ಶೆಲ್ಲಿನ ಕರ್ತೃ 2017ರ ಕೊನೆಯಲ್ಲಿ ತಮ್ಮ ಕೆಲಸವನ್ನು ನಿಲ್ಲಿಸಿದರು. ವಿಂಡೋಸ್ 10 ಪದೇ ಪದೇ ಬದಲಾಗುತ್ತಿದ್ದು, ಪ್ರತಿ ಸಾರಿಯೂ ಕೊಕ್ಕೆ ಹಾಕಿದ ಜಾಗ ಸರಿದುಹೋಗುತ್ತಿದ್ದುದರಿಂದ ಒಬ್ಬರ ಬಿಡುವು ಅದಕ್ಕೆ ಸಾಲದಾಯಿತು. ಆದರೆ ಮೂಲ ಬರಹವನ್ನು ಅವರು ಲೋಕಕ್ಕೆ ಬಿಟ್ಟುಕೊಟ್ಟುದರಿಂದ, ಇತರರು ಅದನ್ನು 'ಓಪನ್ ಶೆಲ್' ಎಂಬ ಹೆಸರಿನಲ್ಲಿ ಮುಂದುವರಿಸಿದರು. 2021ರಲ್ಲಿ ವಿಂಡೋಸ್ 11 ಬಂದಾಗ ಗುಂಡಿ ಮೂಲೆಯನ್ನು ಬಿಟ್ಟು ಪಟ್ಟಿಯ ನಡುವಿಗೆ ಸರಿದು, ತಂತ್ರಾಂಶಗಳು ತೆರೆದುಕೊಂಡಂತೆಲ್ಲ ಎಡಕ್ಕೆ ಜರುಗತೊಡಗಿತು. ಅದನ್ನು ಮತ್ತೆ ಮೂಲೆಗೆ ಕಳಿಸುವ ಆಯ್ಕೆಯನ್ನು ಮೈಕ್ರೋಸಾಫ್ಟಿನವರು ಉಳಿಸಿದ್ದುದು ನಮ್ಮ ಪುಣ್ಯ.

ಮಾವನವರಿಗೆ ಈಗ ಎಂಬತ್ತು ಸಮೀಪಿಸಿದೆ. ಶಾಸನಗಳ ಎರಡನೆಯ ಸಂಪುಟ ನಡೆಯುತ್ತಿದೆ. ಕಳೆದ ವರ್ಷ ಮತ್ತೊಂದು ಹೊಸ ಯಂತ್ರವನ್ನು ಅವರ ಮೇಜಿನ ಮೇಲೆ ಇಟ್ಟು ತೆರೆದಾಗ, ಅದರ ವೇಗವನ್ನಾಗಲಿ ಬೆಲೆಯನ್ನಾಗಲಿ ಅವರು ವಿಚಾರಿಸಲಿಲ್ಲ. ಕನ್ನಡಕವನ್ನು ಸರಿಪಡಿಸಿಕೊಂಡು, ಮೌಸಿನ ಮೇಲೆ ಕೈಯಿಟ್ಟು, ಪರದೆಯನ್ನು ನೋಡುವುದಕ್ಕೆ ಮೊದಲೇ ಬಾಣವನ್ನು ಎಡಗಡೆಯ ಕೆಳಮೂಲೆಗೆ ತಳ್ಳಿ ಒತ್ತಿದರು. ಪಟ್ಟಿ ಮೇಲೆದ್ದಿತು.