ವಿದ್ಯುತ್ ಸೈಕಲ್: ಕೊಳ್ಳುವ ಮುನ್ನ ಒಂದಿಷ್ಟು ಲೆಕ್ಕಾಚಾರ

ಒಂದು ಕಾಲಕ್ಕೆ ಸೈಕಲ್ಲುಗಳ ನಗರಿಯೆಂದೇ ಹೆಸರಾಗಿದ್ದ ಪುಣೆಯಲ್ಲಿ ನೆಲೆಸಿರುವ ನಾವು, ಐವತ್ತು ದಾಟಿದ ಮೇಲೆ ಮತ್ತೆ ಸೈಕಲ್ ಏರಿದ್ದೇವೆ. ಈ ಬಾರಿ ನೆರವಿಗೆ ಪುಟ್ಟದೊಂದು ಮೋಟಾರು ಇದೆ. ನಾವು ಪೆಡಲ್ ತುಳಿದಂತೆ ಅದೂ ತನ್ನ ಬಲವನ್ನು ಕೂಡಿಸುವುದರಿಂದ ಏರುದಾರಿಯಲ್ಲಿ ಮಂಡಿಗಳಿಗೆ ಆಯಾಸವಿಲ್ಲ.

ಕೊಳ್ಳುವವರು ಮೊದಲು ನೋಡಬೇಕಾದುದು ಬ್ಯಾಟರಿಯನ್ನು. 36 ವೋಲ್ಟ್, 10 ಆಂಪಿಯರ್-ಅವರ್ ಎಂದರೆ 360 ವ್ಯಾಟ್-ಅವರ್. ಕಿಲೋಮೀಟರಿಗೆ 12ರಿಂದ 15 ವ್ಯಾಟ್-ಅವರ್ ವ್ಯಯವೆಂದು ಹಿಡಿದರೆ 24ರಿಂದ 30 ಕಿ.ಮೀ. ಓಟ. ಬ್ಯಾಂಕಿಗೆ ಹೋಗಿಬರುವ ನಮ್ಮ 16 ಕಿ.ಮೀ.ಗೆ ಅದು ಧಾರಾಳ. ವಿದ್ಯುತ್ ಖರ್ಚು ಅರ್ಧ ಯೂನಿಟ್ಟಿಗೂ ಕಡಿಮೆ. ಮಹಡಿಮನೆಯವರು ಕಳಚಿ ಒಯ್ಯಬಹುದಾದ ಬ್ಯಾಟರಿಯನ್ನೇ ಆರಿಸುವುದು ಲೇಸು. ಅದರದೇ ಚಾರ್ಜರ್ ಬಳಸಬೇಕು. ರಾತ್ರಿಯಿಡೀ ಚಾರ್ಜಿಗಿಟ್ಟು ಮಲಗಬಾರದು.

ಇನ್ನು ಮುಖ್ಯ ವಿಚಾರ. ಮೋಟಾರು 250 ವ್ಯಾಟ್‌ಗಿಂತಲೂ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿದ್ದು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದೆ, ಅಧಿಕೃತ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಪಡೆದಿದ್ದರೆ ಕೇಂದ್ರದ ನಿಯಮಗಳಂತೆ ಅದು ಮೋಟಾರು ವಾಹನವಲ್ಲ. ಲೈಸೆನ್ಸ್, ನೋಂದಣಿ, ವಿಮೆ ಯಾವುದೂ ಬೇಕಿಲ್ಲ. ಆದರೆ ಮಕ್ಕಳ ಒತ್ತಾಯಕ್ಕೆ ಮಣಿದು ವೇಗದ ಮಿತಿಯನ್ನು ತೆಗೆಸಿದರೆ ಈ ವಿನಾಯಿತಿ ಇಲ್ಲವಾಗುತ್ತದೆ. ಆಗ ಅಪಘಾತ ಸಂಭವಿಸಿದರೆ ಪರಿಹಾರ ತುಂಬಿಕೊಡಲು ವಿಮೆಯೂ ಇರದು. ಅಪ್ರಾಪ್ತ ವಯಸ್ಕರು ಮೋಟಾರು ವಾಹನ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ 25,000 ರೂ. ದಂಡ ಹಾಗೂ ಮೂರು ವರ್ಷಗಳವರೆಗೆ ಸೆರೆವಾಸವನ್ನು 2019ರ ತಿದ್ದುಪಡಿ ವಿಧಿಸುತ್ತದೆ.

ಭಾನುವಾರ ಖಡಕವಾಸ್ಲಾದತ್ತ ವಿಹಾರಕ್ಕೆ ಹೊರಟಾಗ ಮರಳಿ ಬರುವ ದೂರವನ್ನೂ ಲೆಕ್ಕಕ್ಕೆ ಹಿಡಿಯೋಣ. ಹೆಲ್ಮೆಟ್ ಕಡ್ಡಾಯವಲ್ಲದಿದ್ದರೂ ತಲೆಯ ಮೇಲಿರಲಿ.